ಮುಚ್ಚಿದ ಕಾಜ

ಕಾರು ಬಂದ ವಾರವೇ ಅವ್ವನ ಹೊಲಿಗೆ ಮಿಷನ್ನು ಮುಂದಿನ ಪಡಸಾಲೆಯಿಂದ ಅಡುಗೆಮನೆಯ ಪಕ್ಕದ ಕೋಣೆಗೆ ಹೋಯಿತು. ಪಡಸಾಲೆಯ ರಸ್ತೆ ಕಡೆಯ ಗೋಡೆಯನ್ನು ಅಪ್ಪ ಒಡೆಸಿದ, ಅಲ್ಲಿಗೆ ತಗಡಿನ ಬಾಗಿಲು ಕೂರಿಸಿದ, ನೆಲದ ಬಂಡೆ ಕೀಳಿಸಿ ಸಿಮೆಂಟಿನ ಇಳಿಜಾರು ಹಾಕಿಸಿದ. ರಾಯದುರ್ಗದ ನಮ್ಮ ಓಣಿಯಲ್ಲಿ ಪ್ರತಿ ಮನೆಯ ಮುಂಭಾಗದಲ್ಲೂ ಮಿಷನ್ನುಗಳೇ ಇದ್ದವು. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆ ಗಂಟುಗಟ್ಟಲೆ ಬರುತ್ತಿತ್ತು, ಪ್ಯಾಂಟಾಗಿ ವಾಪಸು ಹೋಗುತ್ತಿತ್ತು. ಕಪ್ಪು ನೀಲಿ ಬಟ್ಟೆಯ ಮೇಲೆ ಕಪ್ಪು ನೀಲಿ ದಾರ ಓಡಿಸಬೇಕಾದವರಿಗೆ ಬೆಳಕು ಬೇಕು. ಅದಕ್ಕೇ ಎಲ್ಲರೂ ಮಿಷನ್ನನ್ನು ಬಾಗಿಲ ಬಳಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಬಾಗಿಲ ಬೆಳಕಿನಲ್ಲಿ ಕಾರು ನಿಂತಿತು. ಅವ್ವ ಹಿಂದಿನ ಕೋಣೆಯಲ್ಲಿ ಬಲ್ಬಿನ ಕೆಳಗೆ ಕೂತಳು. ಆ ಕೋಣೆಗೆ ಕಿಟಕಿಯೇ ಇರಲಿಲ್ಲ ಎಂದು ನಾನು ಬಹಳ ವರ್ಷ ಕಂಡಕಂಡವರಿಗೆ ಹೇಳಿಕೊಂಡು ಬಂದೆ. ಇತ್ತು ಎಂದು ಅಕ್ಕ ವಾದಿಸುತ್ತಿದ್ದಳು. ಹೋದ ಸಲ ಊರಿಗೆ ಹೋದಾಗ ನೋಡಿದೆ. ಇದೆ. ಸರಿಯಾದ ಕಿಟಕಿ, ಎರಡು ಬಾಗಿಲಿನದು, ನನ್ನ ಎದೆಯೆತ್ತರಕ್ಕೆ. ನನ್ನ ಸಿಟ್ಟಿಗೆ ಬೇಡವಾಗಿದ್ದರಿಂದ ನಾನೇ ಆ ಕಿಟಕಿಯನ್ನು ಗೋಡೆಯಿಂದ ತೆಗೆದುಹಾಕಿದ್ದೆ. ನೋಡಿದ ಮೇಲೂ ಸಿಟ್ಟು ಹೋಗಲಿಲ್ಲ ಎಂಬುದು ಬೇರೆ ಮಾತು. ಆದ್ದರಿಂದ ಮುಂದೆ ಬರೆಯುವುದನ್ನು ಓದುವವರು ಈ ಕಿಟಕಿಯನ್ನು ನೆನಪಿಟ್ಟುಕೊಂಡೇ ಓದಲಿ.

ಅಪ್ಪ ಮಡಕಶಿರದ ಕಡೆಯವನು. ರೇಷ್ಮೆ ಹುಳ ಸಾಕುವ ಮನೆಯಿಂದ ಬಂದು, ರಾಯದುರ್ಗದಲ್ಲಿ ಬಟ್ಟೆ ಕತ್ತರಿಸುವ ಕೆಲಸಕ್ಕೆ ಸೇರಿ, ದರ್ಜಿಯ ಮಗಳನ್ನು ಮದುವೆಯಾದವನು. ಕತ್ತರಿ ಅವನದು, ಹೊಲಿಗೆ ಅವಳದು. ನಮ್ಮ ಮನೆ ನಿಂತದ್ದು ಈ ಎರಡರ ಮೇಲೆ. ಮನೆಯಲ್ಲಿ ಎರಡು ಕನ್ನಡ ಇದ್ದವು, ಅಂಗಡಿಗೆ ಹೋದರೆ ತೆಲುಗು. ಊಟದಲ್ಲೂ ಎರಡು ಪಂಗಡ. ಅಪ್ಪನಿಗೆ ರಾಗಿ ಮುದ್ದೆ ಬೇಕು, ಅವ್ವನ ಕೈ ಪಳಗಿದ್ದು ಜೋಳದ ರೊಟ್ಟಿಗೆ. ಎಷ್ಟು ವರ್ಷವಾದರೂ ಅವಳು ಕಟ್ಟಿದ ಮುದ್ದೆಯಲ್ಲಿ ಗಂಟು ಇರುತ್ತಿತ್ತು, ಎಷ್ಟು ವರ್ಷವಾದರೂ ಅಪ್ಪ ಅದನ್ನು ತಟ್ಟೆಯ ಅಂಚಿಗೆ ಎತ್ತಿ ಇಟ್ಟು ತೋರಿಸುತ್ತಿದ್ದ. ಬೇಕೆಂದೇ ಗಂಟು ಬಿಡುತ್ತಿದ್ದಳೋ ಏನೋ. ಹೊಲಿಗೆಯಲ್ಲಿ ಒಂದು ಟಾಕಿ ತಪ್ಪದ ಕೈಗೆ ಹಿಟ್ಟಿನ ಗಂಟು ಒಡೆಯಲು ಬಾರದೇ ಎಂದು ಈಗ ಅನಿಸುತ್ತದೆ.

ಕಾರು ಹಳೆಯದು, ಬಿಳಿಯದು. ಬಳ್ಳಾರಿಯ ಡಾಕ್ಟರೊಬ್ಬರು ಓಡಿಸಿ ಬಿಟ್ಟದ್ದು. ಓಣಿಯಲ್ಲಿ ಅದೇ ಮೊದಲ ಕಾರು. ಭಾನುವಾರ ಅದರ ದಿನ. ಬೆಳಿಗ್ಗೆ ಎದ್ದ ಕೂಡಲೇ ಅಪ್ಪ ತಗಡಿನ ಬಾಗಿಲು ತೆರೆದು, ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸುತ್ತಿದ್ದ. ಆಮೇಲೆ ಮನೆಯವರೆಲ್ಲ ಅಲ್ಲಿಗೆ ಬರಬೇಕು. ಎಂಜಿನ್ನಿನೊಳಗೆ ಇಳಿಬಿಟ್ಟ ಆಯಿಲ್ ಕಡ್ಡಿಯನ್ನು ಎಳೆದು, ಅವ್ವ ಕೊಟ್ಟ ಜೀನ್ಸ್ ಚೂರಿನಿಂದ ಒರೆಸಿ, ಮತ್ತೆ ಇಳಿಸಿ, ಮತ್ತೆ ಎಳೆದು, ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಯಿಲ್ ಎರಡು ಗೆರೆಗಳ ನಡುವೆ ಇರಬೇಕು. ಬಣ್ಣ ಜೇನಿನ ಹಾಗಿದ್ದರೆ ಸರಿ, ಡಾಂಬರಿನ ಹಾಗಾದರೆ ಖಾದರಣ್ಣನ ಗ್ಯಾರೇಜಿಗೆ. ರೇಡಿಯೇಟರಿನ ಮುಚ್ಚಳ ಎಂಜಿನ್ ತಣ್ಣಗಿದ್ದಾಗ ಮಾತ್ರ ತೆಗೆಯಬೇಕು. ಬ್ಯಾಟರಿಗೆ ಕೊಳವೆ ಬಾವಿಯ ನೀರು ಹಾಕಬಾರದು, ಬಾಟಲಿಯ ನೀರೇ ಹಾಕಬೇಕು. ಟೈರಿಗೆ ಗಾಳಿ ನೋಡುವುದು ನನ್ನ ಕೆಲಸ, ಸ್ಟೆಪ್ನಿಯನ್ನೂ ಬಿಡುವಂತಿಲ್ಲ. ಅಕ್ಕ ಹಳೆಯ ಪೇಪರಿನಿಂದ ಗಾಜು ಒರೆಸಿ, ಹಿಂದೆ ನಿಂತು, ದೀಪಗಳು ಹತ್ತಿದವೋ ಇಲ್ಲವೋ ಕೂಗಿ ಹೇಳಬೇಕು. ಏನೇನು ಯಾವಾಗ ಬದಲಾಯಿಸಿದೆ ಎಂಬುದನ್ನು ಅಪ್ಪ ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದಿಡುತ್ತಿದ್ದ. ಅಕ್ಕನ ಹುಟ್ಟಿದ ದಿನ ಅವನಿಗೆ ನೆನಪಿರಲಿಲ್ಲ, ಫ್ಯಾನ್ ಬೆಲ್ಟಿನದು ಇತ್ತು. ಇದನ್ನು ನಾನು ಉತ್ಪ್ರೇಕ್ಷೆಗಾಗಿ ಹೇಳುತ್ತಿಲ್ಲ, ಅಕ್ಕನೂ ಒಪ್ಪುತ್ತಾಳೆ.

"ಆಯಿಲ್ ನೋಡ್ದೆ ಗಾಡಿ ತೆಗ್ಯೋನು ಮುಖ ತೊಳೀದೆ ಮದುವೆ ಮನೆಗೆ ಹೋದಂಗೆ ಕಣ್ಲಾ," ಎನ್ನುತ್ತಿದ್ದ ನನಗೆ.

ಒಳಗಿನಿಂದ ಅವ್ವ ಕೂಗುತ್ತಿದ್ದಳು:

"ರೊಟ್ಟಿ ಆರಾಕ ಹತ್ಯಾವ, ಬರ್ರಿ ಒಳಗ. ನಿಮ್ಮ ಗಾಡಿ ಎಲ್ಲಿ ಓಡಿ ಹೋಗ್ತೈತಿ?"

"ಓಡೋಕೇ ಕಣೇ ಇದಿರೋದು!"

ಅವನು ನಗುತ್ತಿದ್ದ. ನಾವೂ ನಗುತ್ತಿದ್ದೆವು. ಆ ಭಾನುವಾರಗಳು ಚೆನ್ನಾಗಿದ್ದವು ಎಂದು ಒಪ್ಪಿಕೊಳ್ಳುವುದು ನನಗೆ ಕಷ್ಟ, ಆದರೆ ಚೆನ್ನಾಗಿದ್ದವು.

ಸೀಟಿನ ಕವರಿನ ಯೋಚನೆ ಯಾರದು ಎಂಬುದು ಗೊತ್ತಿಲ್ಲ. ಓಣಿಯ ಕಣ್ಣು ಕುಕ್ಕುವಂತೆ ಏನಾದರೂ ಮಾಡಬೇಕೆಂಬುದು ಅಪ್ಪನ ಚಪಲ. ಒಳ್ಳೆಯ ಬಟ್ಟೆ ಸಿಕ್ಕರೆ ಸುಮ್ಮನಿರಲಾರದ್ದು ಅವ್ವನ ಕೈಯ ಚಪಲ. ಒಂದು ಗಂಟಿನಲ್ಲಿ ದಪ್ಪನೆಯ ನೀಲಿ ಬಟ್ಟೆ ಮಿಕ್ಕಿತ್ತು. ಅವ್ವ ಟೇಪು ಹಿಡಿದು ಕಾರಿನೊಳಗೆ ಹೋಗಿ, ಸೀಟು ಎದುರಿಗೆ ನಿಂತ ಗಿರಾಕಿ ಎಂಬಂತೆ ಅದರ ಭುಜ, ಬೆನ್ನು, ಸೊಂಟ ಅಳೆದಳು. ಕಿತ್ತಳೆ ದಾರದ ಜೋಡಿ ಹೊಲಿಗೆ. ಮುಂದಿನ ಸೀಟುಗಳ ಬೆನ್ನಿಗೆ ಪ್ಯಾಂಟಿನ ಹಿಂದಿರುವಂಥದೇ ಜೇಬು, ತಾಮ್ರದ ಬಣ್ಣದ ಗುಂಡಿ. ಒಂದು ಜೇಬಿನಲ್ಲಿ ನನ್ನ ಗಾಳಿ ಅಳೆಯುವ ಕಡ್ಡಿ, ಇನ್ನೊಂದರಲ್ಲಿ ಅಪ್ಪನ ನಿಂಬೆಹಣ್ಣುಗಳು. ಸೀಟಿಗೆ ಪ್ಯಾಂಟು ತೊಡಿಸಿದ್ದಾರೆ ಎಂದು ಓಣಿಯೆಲ್ಲ ಬಂದು ನೋಡಿ ಹೋಯಿತು. ಆ ಕಾರಿಗೆ ಮುಂದಿನ ಎರಡು ಸೀಟುಗಳಿಗೆ ಬೆಲ್ಟು ಇತ್ತು. ಅದನ್ನು ಸಿಕ್ಕಿಸುವ ಬಕಲ್ ಸೀಟಿನ ಪಕ್ಕದಲ್ಲಿ ಎದ್ದು ನಿಂತಿರುತ್ತದಲ್ಲ, ಕವರಿನ ಅಂಚು ಅದರ ಮೇಲೆ ಬೀಳುತ್ತಿತ್ತು. ಅವ್ವ ಅದಕ್ಕೆಂದು ಕವರಿನಲ್ಲಿ ಕಾಜ ಮಾಡಿದಳು. ಅಂಗಿಯ ಗುಂಡಿ ಹಾಯುವ ಸೀಳನ್ನು ನಮ್ಮಲ್ಲಿ ಕಾಜ ಎನ್ನುತ್ತಾರೆ. ಅಂಥದೇ, ಆದರೆ ಮೂರು ಬೆರಳು ತೂರುವಷ್ಟು ದೊಡ್ಡದು, ಸುತ್ತ ಒತ್ತಾಗಿ ದಾರ ಕಟ್ಟಿದ್ದು. ಎರಡೂ ಸೀಟಿಗೆ ಮಾಡಿದಳು. ಇಷ್ಟು ಖಚಿತ.

ಆಮೇಲೆ ಎಡಗಡೆಯ ಸೀಟಿನ ಕಾಜವನ್ನು ಮುಚ್ಚಿ ಹೊಲಿಯಲಾಯಿತು. "ಹೊಲಿಯಲಾಯಿತು" ಎಂದು ಬರೆಯುವಾಗ ನನ್ನ ಕೈ ಬಿಸಿಯಾಗುತ್ತದೆ. ಯೂನಿವರ್ಸಿಟಿಯಲ್ಲಿ ನಮಗೆ ಕಲಿಸಿದ್ದೇ ಇಂಥ ವಾಕ್ಯಗಳ ಹಿಂದೆ ಅಡಗಿದವರನ್ನು ಹುಡುಕುವುದು. ನನ್ನ ನೆನಪಿನಲ್ಲಿ ಅಪ್ಪ ಕಾರಿನ ಬಾಗಿಲಿಗೆ ಕೈ ಊರಿ ನಿಂತು, ಒಳಗೆ ಬಗ್ಗಿ ಕವರು ಎಳೆಯುತ್ತಿದ್ದ ಅವ್ವನಿಗೆ ಹೇಳುತ್ತಿದ್ದಾನೆ:

"ಇಷ್ಟು ಚೆಂದದ್ದರಲ್ಲಿ ತೂತು ಯಾಕ್ ಬಿಟ್ಟೆ? ಮುಚ್ಚು ಅದನ್ನ. ನನ್ನ ಕಡೀದು ಬೇಕಾದ್ರೆ ಇರ್ಲಿ, ಬಳ್ಳಾರೀಲಿ ಪೊಲೀಸ್ನೋರು ನೋಡ್ತಾರೆ."

ಡ್ರೈವರನ ಕಾಜ ತೆರೆದೇ ಉಳಿಯಿತು. ಬಳ್ಳಾರಿಯ ಗಡಿ ದಾಟುವಾಗ ಅಪ್ಪ ಬೆಲ್ಟನ್ನು ಎಳೆದು ಸಿಕ್ಕಿಸುತ್ತಿದ್ದ, ವಾಪಸು ಬರುವಾಗ ತೆಗೆಯುತ್ತಿದ್ದ. ಕಾರಿನ ಹೊಟ್ಟೆಯೊಳಗೆಲ್ಲ ಕೈ ಹಾಕಿದ್ದ ಖಾದರಣ್ಣ ಮಾತ್ರ ಒಂದು ದಿನ, ಬ್ರೇಕಿನ ಕೆಲಸ ಮುಗಿಸಿ ಸೀಟಿನಲ್ಲಿ ಕೂತವನು, ಎಡಕ್ಕೆ ತಡವಿ ನೋಡಿದ.

"ಸಾವ್ಕಾರ್ರ, ಸೀಟು ಜೋರದಾವ. ಈ ಕಡೀ ಬಕಲ್ ಎಲ್ಲಿ ಹೋತ್ರಿ?"

"ಅಲ್ಲೇ ಐತೆ, ಒಳಗೆ. ಅದ್ಕೇನೂ ಆಗಿಲ್ಲ ಬುಡಣ್ಣ."

"ಅದಕ್ಕ ಏನಾಗ್ತದ್ರಿ? ಕುಂತವ್ರಿಗಿ ಆಗೋದು."

ಅಪ್ಪ ನಕ್ಕ. ನಾನು ಅಲ್ಲೇ ಇದ್ದೆ, ಗಾಳಿ ಅಳೆಯುವ ಕಡ್ಡಿ ಹಿಡಿದುಕೊಂಡು. ಬಹುಶಃ ನಾನೂ ನಕ್ಕೆ.

ಮಡಕಶಿರದಲ್ಲಿ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಮಗಳ ಸೀಮಂತ ಇಟ್ಟುಕೊಂಡಿದ್ದಳು. ಕಾರಿನಲ್ಲಿ ಅಷ್ಟು ದೂರದ ಮೊದಲ ಪಯಣ. ಅಪ್ಪ ಒಂದು ವಾರ ಮೊದಲೇ ಬ್ರೇಕಿನ ಸವೆದ ಭಾಗಗಳನ್ನೆಲ್ಲ ಹೊಸದು ಮಾಡಿಸಿದ. ಹೊರಡುವ ದಿನ ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ನಾನು ಎರಡು ಸಲ ಗಾಳಿ ನೋಡಿದ ಮೇಲೆಯೇ ಹೊರಟದ್ದು. ಅವ್ವ ಹಿಂದಿನ ದಿನವೆಲ್ಲ ಕೂತು ಶೇಂಗಾ ಹೋಳಿಗೆ ಮಾಡಿದ್ದಳು. ಸ್ಟೀಲಿನ ದೊಡ್ಡ ಡಬ್ಬಿ. ಅದನ್ನು ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಇಡಲು ಹೋದಳು.

"ಅಲ್ಲಿ ಬ್ಯಾಡ, ಎಣ್ಣೆ ಹತ್ತುತ್ತೆ ಕವರಿಗೆ. ತೊಡೆ ಮ್ಯಾಲೆ ಇಟ್ಕೋ."

ಇಟ್ಟುಕೊಂಡಳು. ಎರಡೂ ಕೈಯಿಂದ ಡಬ್ಬಿಯನ್ನು ತಬ್ಬಿ ಮುಂದಿನ ಎಡಗಡೆ ಸೀಟಿನಲ್ಲಿ ಕೂತಳು. ಕಲ್ಯಾಣದುರ್ಗ ಆಯಿತು, ಪಾವಗಡ ಆಯಿತು. ಅಪ್ಪ ದಾರಿಯುದ್ದಕ್ಕೂ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳನ್ನು ನೋಡುತ್ತ, ನಮಗೂ ತೋರಿಸುತ್ತ, ಬಹಳ ಖುಷಿಯಲ್ಲಿದ್ದ. ಮಡಕಶಿರದ ಕೋಟೆಗುಡ್ಡ ಕಾಣತೊಡಗಿದ ಮೇಲೆ ಒಂದು ತಿರುವು. ಆ ತಿರುವಿನಾಚೆ ರಸ್ತೆ ತುಂಬ ಕುರಿ.

ಅಪ್ಪ ಬ್ರೇಕ್ ತುಳಿದ. ಬ್ರೇಕ್ ಹಿಡಿಯಿತು. ಹೊಸ ಬ್ರೇಕು, ಸರಿಯಾದ ಗಾಳಿಯ ನಾಲ್ಕು ಟೈರು, ಒಣ ರಸ್ತೆ. ಕಾರು ಗೂಟ ಹೊಡೆದ ಹಾಗೆ ನಿಂತಿತು. ಯಾವುದಕ್ಕೂ ಗುದ್ದಲಿಲ್ಲ, ಯಾವುದನ್ನೂ ಸವರಲಿಲ್ಲ. ಕಾರು ನಿಂತಿತು, ಅವ್ವ ನಿಲ್ಲಲಿಲ್ಲ. ಅವಳನ್ನು ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಹಿಡಿಯಬೇಕಾದದ್ದು ಅವಳ ಸೊಂಟದ ಪಕ್ಕದಲ್ಲೇ, ಅವಳದೇ ಕಿತ್ತಳೆ ದಾರದ ಕೆಳಗೆ ಇತ್ತು. ಡಬ್ಬಿ ಮೊದಲು ಡ್ಯಾಶ್‌ಬೋರ್ಡಿಗೆ ಬಡಿಯಿತು, ಅದರ ಮೇಲೆ ಅವಳು, ನಡುವೆ ಅವಳ ಬಲಗೈ. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು ಎಂದು ಎಷ್ಟೋ ಸಲ ಹೇಳಿದ್ದೇನೆ. ಡಬ್ಬಿಯ ಮುಚ್ಚಳ ಹಾರಿ ಗಾಜಿಗೆ ಬಡಿದ ಸದ್ದೂ ಇರಬಹುದು. ಕುರಿ ಕಾಯುತ್ತಿದ್ದ ಮುದುಕ ಓಡಿ ಬಂದು ಅಪ್ಪನಿಗೆ ಕೈ ಮುಗಿದ.

"ದೇವ್ರಂಗೆ ನಿಲ್ಲಿಸ್ದೆ ಸಾಮಿ! ಒಂದು ಮರೀಗೂ ಏಟಾಗ್ಲಿಲ್ಲ!"

ನನ್ನ ನೆನಪಿನಲ್ಲಿ ಅಪ್ಪ ಕೆಳಗಿಳಿದು, ಚಕ್ರದ ಹಿಂದೆ ರಸ್ತೆಯ ಮೇಲೆ ಬಿದ್ದ ಕಪ್ಪು ಗೆರೆ ನೋಡಿ, "ಹೋದ ವಾರಾನೇ ಮಾಡ್ಸಿದ್ದು ಬ್ರೇಕು," ಎನ್ನುತ್ತಾನೆ. ಇದೇ ವಾಕ್ಯದ ಮೇಲೆ ನಾನು ಅವನನ್ನು ದ್ವೇಷಿಸಿದೆ. ಇದೇ ವಾಕ್ಯವನ್ನು ಕ್ಯಾಂಟೀನುಗಳಲ್ಲಿ ಅವನ ದನಿಯಲ್ಲೇ ಹೇಳಿ ತೋರಿಸಿದೆ. ಅಕ್ಕ ಇದನ್ನು ಒಪ್ಪುವುದಿಲ್ಲ. ಹೋದ ಸಲವೂ ಜಗಳವಾಯಿತು.

"ಅಪ್ಪ ಚಪ್ಲಿ ಬಿಟ್ಟು ಅವ್ವನ ಕಡಿಗೆ ಓಡಿದ. ನಾ ಕಣ್ಣಾರೆ ನೋಡೀನಿ. ಆ ಮಾತು ಅಂದದ್ದು ಆಮ್ಯಾಲ, ಅತ್ತಿ ಮನ್ಯಾಗ."

"ನಿನಗ ಹೆಂಗ ಗೊತ್ತು ಅಷ್ಟು ಖರೆ?"

"ನನಗ ಗೊತ್ತೈತಿ. ನೀ ಏನು ನೋಡ್ತಿದ್ದಿ, ತಮ್ಮಾ? ಸೀಟಿನ ಕೆಳಗ ಹೋಳಿಗಿ ಆರಿಸಾಕ ಹತ್ತಿದ್ದಿ."

ಇರಬಹುದು. ಹೋಳಿಗೆಯ ಪುಡಿ ಚಾಪೆಯ ಮೇಲೆಲ್ಲ ಹರಡಿದ್ದು, ಬೆಲ್ಲದ ವಾಸನೆ, ಇವು ಚೆನ್ನಾಗಿ ನೆನಪಿವೆ. ಅವ್ವನ ಮುಖ ನೆನಪಿಲ್ಲ. ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ.

ಅತ್ತೆಯ ಊರಿನಲ್ಲಿ ಯಾರೋ ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. ಸೀಮಂತ ಮುಗಿಸಿಕೊಂಡೇ ಹೋಗೋಣ ಎಂದು ಮೂರು ದಿನ ಅಲ್ಲೇ ಉಳಿದೆವು. ಅಷ್ಟರಲ್ಲಿ ಕೈ ಊದಿಕೊಂಡು ಬಳೆ ಒಡೆಯಬೇಕಾಯಿತು. ಆಮೇಲೆ ಬಳ್ಳಾರಿಯ ಆಸ್ಪತ್ರೆ, ಪಟ್ಟಿ, ತಿಂಗಳುಗಳು. ಪಟ್ಟಿ ಬಿಚ್ಚಿದಾಗ ಕೈ ಇತ್ತು, ಆದರೆ ಹೆಬ್ಬೆರಳಿನ ತುದಿ ತೋರುಬೆರಳಿನ ತುದಿಗೆ ಮುಟ್ಟುತ್ತಿರಲಿಲ್ಲ. ಬಟ್ಟಲು ಹಿಡಿಯಬಹುದು, ಬಾಗಿಲು ದೂಡಬಹುದು. ಸೂಜಿಗೆ ದಾರ ಪೋಣಿಸಲಾಗದು, ಮಿಷನ್ನಿನ ಸೂಜಿಯ ಕೆಳಗೆ ಬಟ್ಟೆಯನ್ನು ತಿರುವಿಗೆ ತಕ್ಕಂತೆ ತಿರುಗಿಸಲಾಗದು. ಅವ್ವನ ಮಿಷನ್ನಿಗೆ ಹೊರಗಿನ ಹೆಂಗಸೊಬ್ಬಳು ಬಂದಳು. ಅವ್ವ ನೆಲಕ್ಕೆ ಇಳಿದಳು. ಜೀನ್ಸಿನ ಕೆಲಸದಲ್ಲಿ ಎಲ್ಲಕ್ಕಿಂತ ಕೆಳಗಿನದು, ಹೊಲಿದು ಬಿಸಾಕಿದ ಪ್ಯಾಂಟುಗಳಲ್ಲಿ ಇಳಿಬಿದ್ದ ದಾರದ ತುದಿಗಳನ್ನು ಕತ್ತರಿಸುವುದು. ಬೇರೆ ಕೆಲಸ ಬಾರದವರು ಮಾಡುವ ಕೆಲಸ ಅದು. ಓಣಿಯ ಅರ್ಧ ಹೆಂಗಸರಿಗೆ ಹೊಲಿಗೆ ಕಲಿಸಿದವಳು ಎಡಗೈಯಲ್ಲಿ ಪುಟ್ಟ ಕತ್ತರಿ ಹಿಡಿದು ಅದನ್ನು ಮಾಡಿದಳು, ಅವರ ದಾರದ ತುದಿಗಳನ್ನೇ ಕತ್ತರಿಸಿದಳು, ನಾನು ಊರು ಬಿಡುವವರೆಗೂ, ಬಿಟ್ಟ ಮೇಲೂ.

ಇದರ ಮೇಲೆ ಒಂದು ಮಾತು ಸೇರಿಕೊಂಡಿತು. ಮನೆಗೆ ಯಾರು ಬಂದು ಕೈ ನೋಡಿ ಲೊಚಗುಟ್ಟಿದರೂ ಅಪ್ಪ ಅದನ್ನು ಹೇಳುತ್ತಿದ್ದ:

"ಬೆಲ್ಟಿತ್ತಪ್ಪ ಗಾಡೀಲಿ. ಮುಚ್ಚಿ ಹೊಲ್ದೋಳು ಅವಳೇ. ನಾನೇನ್ ಮಾಡ್ಲಿ?"

ಬಂದವರು ನಗುತ್ತಿದ್ದರು. ಮಾವಂದಿರು ನಕ್ಕರು, ಅತ್ತೆ ನಕ್ಕಳು. ಅದು ಮನೆಯ ಹಾಸ್ಯವಾಯಿತು. ಬಾಗಿಲು ತೆಗೆಯಲು ಬಾರದೆ ಹೋದರೂ, ಉಪ್ಪಿನ ಡಬ್ಬಿ ಎಲ್ಲೋ ಇಟ್ಟು ಮರೆತರೂ, "ನೀನೇ ಹೊಲಿದದ್ದೇನೋ ನೋಡು" ಎನ್ನುವುದು. ಅವ್ವನ ಕತ್ತರಿಯ ಕಚ್ ಕಚ್ ಸದ್ದು ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ. ಅದೂ ನನಗೆ ಹಾಗೆ ಕೇಳಿಸಿತೋ ಏನೋ. ಸಿಟ್ಟಿನವರ ಕಿವಿ ನಂಬುವಂಥದಲ್ಲ. ಆದರೆ ಒಂದು ಸಂಗತಿಗೆ ನನ್ನ ನೆನಪಿನ ಹಂಗಿಲ್ಲ, ಫೋಟೋ ಇದೆ. ದೃಷ್ಟಿ ತಗುಲಿತೆಂದು ಅಪ್ಪ ಒಂದು ಶನಿವಾರ ಕಾರನ್ನು ನೇಮಕಲ್ಲಿನ ಆಂಜನೇಯನ ಗುಡಿಗೆ ಒಯ್ದು ಪೂಜೆ ಮಾಡಿಸಿದ. ಕಾರಿಗೆ ಹಾರ ಹಾಕಿದೆ. ಗಾಜಿಗೆ ಕುಂಕುಮ ಹಚ್ಚಿದೆ. ಮುಂದಿನ ಎಡಗಡೆ ಸೀಟಿನಲ್ಲಿ ಅವ್ವ ಕೂತಿದ್ದಾಳೆ, ಬಿಳಿ ಪಟ್ಟಿಯ ಕೈ ಎದೆಗೆ ಕಟ್ಟಿಕೊಂಡು. ಮೈಮೇಲೆ ಬೆಲ್ಟಿಲ್ಲ. ಕೈ ಮುರಿದ ಮೇಲೂ ಆ ಕಾಜವನ್ನು ಯಾರೂ ಬಿಚ್ಚಿರಲಿಲ್ಲ! ಮೂರು ಬೆರಳಿನಷ್ಟು ಹೊಲಿಗೆ. ಬ್ಲೇಡಿನಲ್ಲಿ ಎಳೆದರೆ ಉಸಿರು ಬಿಡುವುದರೊಳಗೆ ಬಿಚ್ಚುತ್ತಿತ್ತು. ಮನೆಯ ತುಂಬ ಬ್ಲೇಡು, ಮನೆಯ ತುಂಬ ಕತ್ತರಿ. ಮರುದಿನ ಭಾನುವಾರ ಆಯಿಲ್ ನೋಡಿದೆವು, ಬ್ಯಾಟರಿಗೆ ನೀರು ಹಾಕಿದೆವು. ನಾನು ಸ್ಟೆಪ್ನಿಯ ಗಾಳಿ ಕೂಡ ನೋಡಿದೆ.

ಈ ಸಿಟ್ಟನ್ನು ಹೊತ್ತುಕೊಂಡು ನಾನು ಓದಲು ಹೋದೆ. ಪುರಾವೆ ಕೇಳುವುದನ್ನು, ಸಾಕ್ಷಿಗಳನ್ನು ಅನುಮಾನಿಸುವುದನ್ನು ಕಲಿತೆ, ಎಲ್ಲದರ ಮೇಲೂ ಪ್ರಯೋಗಿಸಿದೆ. ಮನೆಗೆ ಬಂದಾಗ ಅಪ್ಪನೊಂದಿಗೆ ಮಾತು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕಾರು ಮಾರಿದ ದಿನ ಅವನು ಗೋಡೆಯ ಸೀಮೆಸುಣ್ಣದ ಬರಹದ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಅಕ್ಕ ಹೇಳಿದಾಗ ನಾನು ಫೋನು ಇಟ್ಟೆ. ಅವನು ತೀರಿಕೊಂಡಾಗ ಬಂದೆ, ಮಾಡಬೇಕಾದ್ದು ಮಾಡಿದೆ, ಹೋದೆ. ಅವ್ವ ಅದೇ ಮನೆಯಲ್ಲಿ ಅಕ್ಕನ ಜೊತೆ ಇದ್ದಾಳೆ. ಮಿಷನ್ನುಗಳು ಮತ್ತೆ ಪಡಸಾಲೆಗೆ ಬಂದಿವೆ. ಅಕ್ಕ ಹನ್ನೆರಡು ಜನರ ಕೈಲಿ ಹೊಲಿಸುತ್ತಾಳೆ, ತಗಡಿನ ಬಾಗಿಲು ಹಗಲೆಲ್ಲ ತೆರೆದಿರುತ್ತದೆ.

ಹೋದ ಸಲ ಹೋದದ್ದು ಅತ್ತೆಯ ಮೊಮ್ಮಗಳ ಮದುವೆಗೆಂದು, ಅವ್ವನನ್ನು ನನ್ನ ಕಾರಿನಲ್ಲಿ ಮಡಕಶಿರಕ್ಕೆ ಕರೆದೊಯ್ಯಲು. ಹೊರಡುವ ದಿನ ಬೆಳಿಗ್ಗೆ ಅಕ್ಕ ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತಿದ್ದಳು. ಒಂದು ಕೌದಿಯ ಕೆಳಪದರ ನೀಲಿ. ಕಿತ್ತಳೆ ದಾರ, ಜೋಡಿ ಹೊಲಿಗೆ. ಕಾರು ಮಾರುವಾಗ ಸೀಟಿನ ಕವರನ್ನು ಕಳಚಿಟ್ಟುಕೊಂಡು, ಅವ್ವ ಎಡಗೈಯಲ್ಲೇ ದೊಡ್ಡ ದೊಡ್ಡ ಟಾಕಿ ಹಾಕಿ ಕೌದಿಗೆ ಸೇರಿಸಿದ್ದಳಂತೆ. ನಾನು ಅದನ್ನು ಅಂಗಳದಲ್ಲಿ ಹರಡಿ ಮೊಣಕಾಲೂರಿ ಕೂತೆ. ಕೊನೆಗೂ ಪುರಾವೆ. ಒಂದು ಕಾಜ ತೆರೆದೇ ಇತ್ತು, ಅಂಚಿನ ದಾರ ಸವೆದು ಹೊಳೆಯುತ್ತಿತ್ತು. ಇನ್ನೊಂದು ಮುಚ್ಚಿತ್ತು. ಒಮ್ಮೆ ಹೋಗಿ, ಒಮ್ಮೆ ಬಂದು, ಮತ್ತೊಮ್ಮೆ ಹೋದ ಹೊಲಿಗೆ. ಕೌದಿಯನ್ನು ಎತ್ತಿಕೊಂಡು ಒಳಗೆ ಹೋದೆ. ಅವ್ವ ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಪ್ಯಾಂಟುಗಳ ರಾಶಿಯ ಪಕ್ಕ ಕೂತು ದಾರ ಕತ್ತರಿಸುತ್ತಿದ್ದಳು. ಬೇಡವೆಂದರೂ ಕೇಳುವುದಿಲ್ಲ.

"ಅವ್ವಾ, ಇದು ಯಾರ ಹೊಲಿಗಿ?"

ಕೌದಿಯನ್ನು ಹತ್ತಿರ ಎಳೆದುಕೊಂಡು ಹೆಬ್ಬೆರಳಿನಿಂದ ಸವರಿದಳು.

"ನಂದ. ಮೂರು ಸಲ ತಿರುವಿ ಬಿಡೋದು ನಾನ. ಯಾಕ?"

"ಅಪ್ಪ ಹೇಳಿದ್ದಕ್ಕ ಹೊಲದಿ. ಹೌದಲ್ಲ? ನಾ ಕೇಳಿಸಿಕೊಂಡೀನಿ. ಮುಚ್ಚು ಅಂದ."

"ಅಂದಿದ್ದ. ಚೆಂದ ಕಾಣಂಗಿಲ್ಲ ಅಂದ. ಖರೇನ ಚೆಂದ ಕಾಣ್ತಿರಲಿಲ್ಲ. ನನಗೂ ಹಂಗ ಅನಿಸ್ತು. ಮುಚ್ಚಿದೆ."

"ಹಂಗಂದ್ರ? ಅವನ ತಪ್ಪಿಲ್ಲ ಅಂತೀ ಏನು? ಜೀವಮಾನ ಎಲ್ಲರ ಮುಂದ ನಿನ್ನ ಮ್ಯಾಲ ಹಾಕಿದ. ಅವಳೇ ಹೊಲಿದದ್ದು, ಅವಳೇ ಹೊಲಿದದ್ದು ಅಂತ!"

ನನ್ನ ದನಿ ಏರಿತ್ತು. ಮಿಷನ್ನುಗಳು ಒಂದೊಂದಾಗಿ ನಿಂತವು. ಅವ್ವ ಕತ್ತರಿಯನ್ನು ನೆಲಕ್ಕೆ ಇಟ್ಟಳು. ಅವಳು ಕತ್ತರಿ ಕೆಳಗಿಟ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅವನ ತಪ್ಪು ಐತಿ. ಅದನ್ನ ಅವನಿಗೇ ಹೇಳೀನಿ, ಬಾಯಿ ತುಂಬ ಬೈದೀನಿ, ಸಾಯೋತನಕ ಬೈದೀನಿ. ನೀವು ಮಲಗಿರ್ತಿದ್ರಿ. ಆದ್ರ ಆ ಮಾತು ಅವಂದಲ್ಲಪಾ. ದವಾಖಾನ್ಯಾಗ ಡಾಕ್ಟರು ಕೇಳಿದ್ರು, ಬೆಲ್ಟ್ ಇರಲಿಲ್ಲೇನಮ್ಮಾ ಅಂತ. ಅವರ ಮುಂದ ನೀ ಅಂದಿ, 'ಇತ್ರಿ, ಅವ್ವನ ಮುಚ್ಚಿ ಹೊಲದಾಳ' ಅಂತ. ಡಾಕ್ಟರು ನಕ್ಕರು. ನಿಮ್ಮಪ್ಪ ಅದನ್ನ ಕಲ್ತ. ಅವನಿಗೂ ಏನೋ ಒಂದು ಬೇಕಾಗಿತ್ತು ಹಿಡಕೊಳ್ಳಾಕ."

"ನಾನಾ?"

"ನೀನ. ಅಂದು, ನಗಾಕ ಹತ್ತಿದ್ದಿ. ನನ್ನ ಕೈಗೆ ಇನ್ನಾ ಪಟ್ಟಿ ಹಾಕಿರಲಿಲ್ಲ."

ಅಕ್ಕನ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಗೊತ್ತಿತ್ತು ಅವಳಿಗೆ. ಇಷ್ಟು ವರ್ಷ ಕಿಟಕಿಯ ಬಗ್ಗೆ, ಹೋಳಿಗೆಯ ಬಗ್ಗೆ, ಚಪ್ಪಲಿಯ ಬಗ್ಗೆ ನನ್ನೊಂದಿಗೆ ಜಗಳವಾಡಿದವಳು ಇದೊಂದನ್ನು ಎತ್ತಿರಲಿಲ್ಲ. ನನ್ನ ನೆನಪಿನ ಒಂದೊಂದು ಕೋಣೆಯನ್ನೂ ಅನುಮಾನದಿಂದ ತಡಕಿದವನು ನಾನು. ಆಸ್ಪತ್ರೆಯ ಆ ಕೋಣೆ ನನ್ನಲ್ಲಿ ಇರಲೇ ಇಲ್ಲ. ಇವತ್ತಿಗೂ ಇಲ್ಲ. ಡಾಕ್ಟರ ಮುಖವಿಲ್ಲ, ನನ್ನ ನಗುವಿಲ್ಲ. ಅವ್ವ ತಪ್ಪು ನೆನಪಿಟ್ಟುಕೊಂಡಿರಬಹುದು ಎಂದು ವಾದಿಸಬಹುದಿತ್ತು. ವಾದ ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟು ನೀಚ ನಾನಾಗಲಿಲ್ಲ, ಅಥವಾ ಧೈರ್ಯ ಬರಲಿಲ್ಲ.

"ಹೊತ್ತಾತು, ನಡಿ," ಎಂದು ಅವ್ವ ಎದ್ದಳು.

ಕಾರಿನ ಬಾಗಿಲು ನಾನೇ ತೆರೆದೆ. ಮುಂದಿನ ಎಡಗಡೆ ಸೀಟಿನಲ್ಲಿ ಕೂತು ಸೀರೆ ಸರಿಪಡಿಸಿಕೊಂಡಳು, ಎಡಗೈಯಿಂದ ಬೆಲ್ಟನ್ನು ಎದೆಯ ಮೇಲೆ ಎಳೆದುಕೊಂಡಳು, ಸೊಂಟದ ಪಕ್ಕ ತಡವಿದಳು. ಬೆಲ್ಟಿನ ತುದಿ ಬಕಲಿನೊಳಗೆ ಹೋಗಲಿಲ್ಲ. ಅಲ್ಲಿ ಆಗಲೇ ಏನೋ ಕೂತಿತ್ತು. ಬಗ್ಗಿ, ಒತ್ತಿ, ಅದನ್ನು ಕಿತ್ತು ತೆಗೆದಳು. ಬೆಲ್ಟಿಲ್ಲದ ಬರಿಯ ಕ್ಲಿಪ್ಪು, ಕರಿಯದು, ಹೆಬ್ಬೆರಳಿನಷ್ಟು. ಕಾರಿನ ಅಲಂಕಾರದ ಅಂಗಡಿಗಳಲ್ಲಿ ಜೋಡಿಯಾಗಿ ಮಾರುತ್ತಾರೆ. ಪಕ್ಕದ ಸೀಟಿನಲ್ಲಿ ಪುಸ್ತಕದ ಚೀಲ ಇಟ್ಟರೂ ಬೆಲ್ಟು ಹಾಕು ಎಂದು ಕಾರು ಕೂಗಿಕೊಳ್ಳುತ್ತದೆಂದು ತಂದು ಸಿಕ್ಕಿಸಿದ್ದೆ. ಒಂದನ್ನೇ. ನನ್ನ ಕಡೆಯ ಬೆಲ್ಟನ್ನು ನಾನು ತಪ್ಪದೆ ಹಾಕಿಕೊಳ್ಳುತ್ತೇನೆ, ಪೊಲೀಸರು ನೋಡುತ್ತಾರೆ. ಆ ಸೀಟಿನಲ್ಲಿ ವರ್ಷದಿಂದ ಎಷ್ಟು ಜನ ಕೂತಿದ್ದಾರೆ ಎಂದು ನಾನು ಎಣಿಸಿಲ್ಲ.

"ಏನೋ ಇದು?"

"ಬೆಲ್ಟ್ ಹಾಕದಿದ್ರ ಗಾಡಿ ಕೂಗ್ತದವ್ವ. ಕೂಗಬಾರದು ಅಂತ..."

ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಅಂಚನ್ನು ಹೆಬ್ಬೆರಳಿನಿಂದ ಸವರಿದಳು, ಬೇರೆಯವರ ಹೊಲಿಗೆ ನೋಡುವಾಗ ಸವರುವ ಹಾಗೆಯೇ. ನಾನು ಕೀ ತಿರುಗಿಸಿದ್ದೆ. ಕಾರು ಕೂಗತೊಡಗಿತು. ಬೆಲ್ಟಿನ ತುದಿಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಅವಳು ನನ್ನ ಕಡೆ ತಿರುಗಿದಳು.

"ಇದನ್ನ ಯಾರು ಹೊಲದ್ರಪಾ?"

ಕಾರು ಕೂಗುತ್ತಲೇ ಇತ್ತು. ಪಡಸಾಲೆಯಿಂದ ಮಿಷನ್ನಿನವರು ಕತ್ತು ಚಾಚಿ ನೋಡಿದರು. ಅವ್ವ ಬೆಲ್ಟು ಸಿಕ್ಕಿಸಲಿಲ್ಲ, ಕಣ್ಣು ತೆಗೆಯಲಿಲ್ಲ, ಕಾದಳು.

"ನಾನು," ಎಂದೆ.

ಕ್ಲಿಪ್ಪನ್ನು ಕಿಟಕಿಯಿಂದಾಚೆ, ಕತ್ತರಿಸಿದ ದಾರದ ಕಸದ ಮೇಲೆ ಎಸೆದಳು. ಆಮೇಲೆ ಬೆಲ್ಟನ್ನು ಬಕಲಿಗೆ ಒತ್ತಿದಳು. ಮೂರನೆಯ ಸಲಕ್ಕೆ ಸಿಕ್ಕಿತು.